ಮಟಮಾರಿಯ ಸೂಗಪ್ಪ ಗೋಪಾಲಕೃಷ್ಣನಾದದ್ದು

ರಾಯಚೂರಿನ ಒಂದು ಪ್ರಮಾಣಪತ್ರ ಕಚೇರಿಯಲ್ಲಿ ಅಧಿಕಾರಿ ಬದಲಾದ ದಿನವೇ ಹಿಂದಿನವರ ಹೆಸರನ್ನು ಅಳಿಸುವುದು ಪದ್ಧತಿ. ಬಾಗಿಲ ಫಲಕ, ರಬ್ಬರ್ ಮೊಹರು, ನೀರಿನ ಫಿಲ್ಟರಿಗೆ ಅಂಟಿಸಿದ ಚೀಟಿ, ಯಾವುದಕ್ಕೂ ವಿನಾಯಿತಿ ಇಲ್ಲ. ಸೂಗಪ್ಪ ಸಾಹೇಬರು ಹೋಗಿ ಗೋಪಾಲಕೃಷ್ಣ ಸಾಹೇಬರು ಬಂದಾಗ ಕಂಪ್ಯೂಟರ್ ಒಂದೇ ಬಾಕಿ ಉಳಿಯಿತು.

ಪ್ರೋಗ್ರಾಂ ಬರೆಯುವ ಕಿರಣಕುಮಾರ ಎರಡು ದಾರಿ ತಿಳಿಸಿದ.

"ಹೆಸರು ಬದಲಿಸಿ ಹೊಸ ಪ್ರತಿ ಮಾಡಬಹುದು ಸರ್, ಹಳೇದು ಹಂಗೇ ಇರ್ತದ. ಇಲ್ಲಾಂದ್ರ ಇದ್ದ ಪ್ರತಿಯಾಗೇ ತಿದ್ದಬಹುದು. ಆಗ ಹಳೇದು ಸಿಗಂಗಿಲ್ಲ. ಮತ್ತ ಜನರ ಹೆಸರೂ..."

"ಹಳೇದು ಸಿಗಬಾರದು ಅಂತನ ಹೇಳಾಕತ್ತೀನಿ!" ಎಂದು ಸಾಹೇಬರು ಸಹಿ ಹಾಕಿದರು.

ನಾಲ್ಕು ಸೆಕೆಂಡಿನಲ್ಲಿ ಕೆಲಸ ಮುಗಿಯಿತು. ಆ ಕಚೇರಿಯಲ್ಲಿ ಅಷ್ಟು ಬೇಗ ಮುಗಿದ ಕೆಲಸ ಇನ್ನೊಂದಿಲ್ಲ. ರಾಯಚೂರು, ಮಾನ್ವಿ, ದೇವದುರ್ಗ ತಾಲ್ಲೂಕುಗಳ ಮುನ್ನೂರ ಹನ್ನೆರಡು ಸೂಗಪ್ಪಂದಿರೂ ಕಂಪ್ಯೂಟರಿನಲ್ಲಿ ಹೊಸ ಸಾಹೇಬರ ಹೆಸರಿನವರಾದರು.

ಮಟಮಾರಿಯ ಅಮರಮ್ಮ ಗಂಡ ಸೂಗಪ್ಪನೊಂದಿಗೆ ಮಗಳು ವಿಶಾಖಾಳ ಜಾತಿ ಪ್ರಮಾಣಪತ್ರಕ್ಕೆ ಬಂದರು. ನರ್ಸಿಂಗ್ ಸೀಟಿಗೆ ಮರುದಿನವೇ ಕೊನೆ. ಅಂಕಪಟ್ಟಿಯಲ್ಲಿ ತಂದೆ ಸೂಗಪ್ಪ, ಪ್ರಮಾಣಪತ್ರದಲ್ಲಿ ಗೋಪಾಲಕೃಷ್ಣ.

"ಗಂಡನ ಹೆಸರೇನ್ರಿ ಯವ್ವಾ?" ಎಂದ ಗುಮಾಸ್ತ ಗುರುಪ್ರಸನ್ನ.

"ಗಂಡನ ಹೆಸರು ನಾ ಹೆಂಗ ಹೇಳ್ಲಿರೀ?"

"ಹೇಳಂಗಿಲ್ಲಾಂದ್ರ ಯಾವದಿದ್ರೂ ನಡೀತದ ಬಿಡ್ರಿ."

ವಿಶಾಖಾ ಸಿಟ್ಟಾದಳು. "ನಮ್ಮಪ್ಪ ಇಲ್ಲೇ ನಿಂತಾನಲ್ರೀ, ಅವನ್ನ ಕೇಳ್ರಿ!"

"ನಿಂತೋರು ದಾಖಲೆ ಅಲ್ಲವ್ವಾ."

"ಮತ್ತ ವಾಪಸ್ ತಿದ್ರಿ."

"ತಿದ್ದಿದ್ರ ಒಳಗ ಕುಂತ ಸಾಹೇಬ್ರೂ ಸೂಗಪ್ಪ ಆಗ್ತಾರ. ಯಾರು ಹೋಗಿ ಹೇಳ್ತೀರಿ?"

ಯಾರೂ ಹೋಗಲಿಲ್ಲ. ಗುರುಪ್ರಸನ್ನ ನಿಯಮ ವಿವರಿಸಿದ. ದಾಖಲೆ ತಿದ್ದಲು ಹಳೆಯ ದಾಖಲೆಯ ನಕಲು ಲಗತ್ತಿಸತಕ್ಕದ್ದು, ಹಳೆಯದು ಇಲ್ಲ. ಮನುಷ್ಯನನ್ನು ತಿದ್ದಲು ಅಫಿಡವಿಟ್ ಸಾಕು.

"ಸೂಗಪ್ಪ ಎಂಬ ನಾನು ಹುಟ್ಟಿದಾಗಿನಿಂದಲೂ ಗೋಪಾಲಕೃಷ್ಣನೇ ಆಗಿದ್ದು, ಈ ವಿಷಯ ನನಗೆ ತಡವಾಗಿ ತಿಳಿದಿರುತ್ತದೆ" ಎಂಬ ನಮೂನೆ ಅಚ್ಚಾಗಿಯೇ ಸಿದ್ಧವಿತ್ತು. ಸೂಗಪ್ಪ ಮಗಳ ಮುಖ ನೋಡಿದ. ಆಮೇಲೆ ಹೊಸ ಹೆಸರನ್ನು ಮೂರು ಸಲ ಬರೆದು ರೂಢಿ ಮಾಡಿಕೊಂಡು ಸಹಿ ಹಾಕಿದ. ವಿಶಾಖಾಳಿಗೆ ಸೀಟು ಖಾತ್ರಿಯಾಯಿತು. ಸರದಿಯಲ್ಲಿದ್ದ ಉಳಿದ ಸೂಗಪ್ಪಂದಿರು ಪೆನ್ನು ಕೇಳಿ ಪಡೆದರು.

"ಇದನ್ನ ಲ್ಯಾಮಿನೇಷನ್ ಮಾಡಿಸ್ಲೇನ್ರಿ?" ಎಂದು ಸೂಗಪ್ಪ ಕೇಳಿದ.

"ಬ್ಯಾಡ್ರಿ ಯಜಮಾನ್ರ, ರೊಕ್ಕ ದಂಡ. ಬರೋ ತಿಂಗಳು ಸಾಹೇಬ್ರಿಗೆ ವರ್ಗ ಅದ."

ಸೂಗಪ್ಪ ತಲೆಯಾಡಿಸಿ, ಬರುವ ಸಾಹೇಬರ ಹೆಸರು ಬರೆಯಲು ಸುಲಭವೋ ಕಷ್ಟವೋ ಎಂದು ವಿಚಾರಿಸಿದ.