ಇಬ್ಬರು ಷಡ್ಡಕರು ಮತ್ತು ನನ್ನ ಕ್ಯಾಮೆರಾ

ಪುಕ್ಕಟೆಯಾಗಿ ಸಿಗುವ ವಸ್ತುಗಳಲ್ಲಿ ಸಲಹೆಯಷ್ಟು ದುಬಾರಿಯಾದದ್ದು ಇನ್ನೊಂದಿಲ್ಲ. ಅದರಲ್ಲೂ ಷಡ್ಡಕರ ಸಲಹೆ! ಹೆಂಡತಿಯ ತಮ್ಮನ ಮಾತು ಮೀರಿದರೆ ಹೆಂಡತಿಯೊಬ್ಬಳೇ ಮುನಿಯುತ್ತಾಳೆ. ಷಡ್ಡಕನ ಮಾತು ಮೀರಿದರೆ ಅಕ್ಕತಂಗಿಯರ ಸಂಸಾರಗಳೇ ಮುನಿಯುತ್ತವೆ. ಇದು ಗೊತ್ತಿದ್ದೂ ನಾನು ಇಬ್ಬರು ಷಡ್ಡಕರನ್ನು ಒಂದೇ ದಿನ ಸಲಹೆ ಕೇಳಿದೆ. ಬುದ್ಧಿಯಿದ್ದವನು ಮಾಡುವ ಕೆಲಸವಲ್ಲ, ಒಪ್ಪುತ್ತೇನೆ.

ನಾನು ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಸ್ಕಂದಗಿರಿಯ ಹುಲ್ಲು, ಕಳೆಗಳ ಫೋಟೊ ತೆಗೆದು, ಹುಡುಗರಿಗೆ ವಿಡಿಯೊ ಪಾಠವನ್ನೂ ಮಾಡೋಣವೆಂದು ಮಿರರ್‌ಲೆಸ್ ಕ್ಯಾಮೆರಾ ಕೊಳ್ಳಲು ಹೊರಟೆ. ನನ್ನ ಹೆಂಡತಿ ಸುಮಿತ್ರಳ ಅಕ್ಕನ ಗಂಡ, ಚಿಂತಾಮಣಿಯ ವೆಂಕಟೇಶಣ್ಣ ಒಂದು ಕಂಪನಿಯ ಪರಮಭಕ್ತರು. "ಬಣ್ಣ ನೋಡಪ್ಪ, ಬಣ್ಣ! ಟೊಮ್ಯಾಟೊ ಟೊಮ್ಯಾಟೊ ಥರಾನೇ ಕಾಣುತ್ತೆ" ಎಂದರು. ತಂಗಿಯ ಗಂಡ, ಶಿಡ್ಲಘಟ್ಟದ ಮಂಜುನಾಥ ಎದುರು ಕಂಪನಿಯವನು. "ಫೋಟೊ ಯಾರಣ್ಣ ನೋಡ್ತಾರೆ ಈಗ? ವಿಡಿಯೊದಲ್ಲಿ ನಮ್ದು ಮುಖ ಎಲ್ಲಿ ಹೋದ್ರೂ ಫೋಕಸ್ ಬಿಡಲ್ಲ" ಎಂದ. ಕಳೆಗಿಡಕ್ಕೆ ಮುಖವಿಲ್ಲ, ಅದು ಎಲ್ಲಿಗೂ ಹೋಗುವುದಿಲ್ಲ ಎನ್ನುವ ಧೈರ್ಯ ನನಗೆ ಬರಲಿಲ್ಲ.

ಇಬ್ಬರ ಅಕ್ಕರೆಗೂ ಕಾರಣವಿತ್ತು. ಒಂದು ಕಂಪನಿಯ ಲೆನ್ಸ್ ಇನ್ನೊಂದರ ಕ್ಯಾಮೆರಾಗೆ ಕೂರುವುದಿಲ್ಲ. ನಾನು ಯಾರ ಪಕ್ಷ ಸೇರುತ್ತೇನೋ ಅವರಿಗೆ ನನ್ನ ಲೆನ್ಸೂ ದಕ್ಕುತ್ತದೆ. ಗೌರಿಬಿದನೂರಿನಲ್ಲಿ ಅತ್ತೆಯವರ ಎಪ್ಪತ್ತರ ಹುಟ್ಟುಹಬ್ಬಕ್ಕೆ ಇಬ್ಬರೂ ಕ್ಯಾಮೆರಾ ತೂಗುಹಾಕಿಕೊಂಡೇ ಬಂದರು. ಆರತಿ ಮುಗಿಯುವ ಮೊದಲೇ ಜಗಳ ಶುರುವಾಯಿತು.

"ನಿನ್ನ ಕ್ಯಾಮೆರಾದಲ್ಲಿ ಅತ್ತೆಗೆ ಕಾಮಾಲೆ ಬಂದಂಗಿದೆ ಕಣಯ್ಯ!"

"ನಿಮ್ದ್ರಲ್ಲಿ ಬಿಸಿಲಲ್ಲಿ ನಿಲ್ಲಿಸಿದಂಗೆ ಕೆಂಪಗಿದ್ದಾರಲ್ಲಣ್ಣ!"

ಪಾಪ, ಅತ್ತೆಯವರು ಸೆರಗಿನಿಂದ ಕೆನ್ನೆ ಒರೆಸಿಕೊಂಡು ನೋಡಿದರು. ಊಟಕ್ಕೆ ಇಬ್ಬರೂ ಪಂಕ್ತಿಯ ಎರಡು ತುದಿಗೆ ಕುಳಿತರು. ಅಕ್ಕ ಬಡಿಸಿದ ಪಾಯಸವನ್ನು ಮಂಜುನಾಥ ಬೇಡವೆಂದ. ತಂಗಿ ತಂದ ಒಬ್ಬಟ್ಟನ್ನು ವೆಂಕಟೇಶಣ್ಣ ನೋಡಲೂ ಇಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಸುಮಿತ್ರ ಹಿತ್ತಲಿಗೆ ಕರೆದು, "ನಿಮ್ಮ ಕ್ಯಾಮೆರಾ ದೆಸೆಯಿಂದ ನಮ್ಮಕ್ಕ ತಂಗಿ ಮಾತು ಬಿಟ್ರೆ ನಾನು ಸುಮ್ನಿರಲ್ಲ ರೀ. ನೀವೇ ಹಚ್ಚಿದ್ದು, ನೀವೇ ಆರಿಸಿ" ಎಂದಳು.

ಆಮೇಲಿನ ಎರಡು ವಾರ ನನಗೆ ಅನ್ನ ರುಚಿಸಲಿಲ್ಲ. ಕೊನೆಗೆ ಬೆಂಗಳೂರಿನ ಅಂಗಡಿಗೆ ಹೋದವನು, ಇಬ್ಬರೂ ಬಾಯಲ್ಲಿ ಹೆಸರೆತ್ತದ ಮೂರನೇ ಕಂಪನಿಯ ಕ್ಯಾಮೆರಾ ತಂದುಬಿಟ್ಟೆ!

ಸುದ್ದಿ ಮುಟ್ಟಿದ ಭಾನುವಾರವೇ ಇಬ್ಬರೂ ಒಂದೇ ಕಾರಿನಲ್ಲಿ, ಹೆಂಡತಿಯರ ಸಮೇತ ನಮ್ಮ ಮನೆಗೆ ಇಳಿದರು. ವೆಂಕಟೇಶಣ್ಣ ಕ್ಯಾಮೆರಾವನ್ನು ತಿರುಗಿಸಿ ನೋಡಿ, "ಏಮಯ್ಯಾ ಇದು! ಇದನ್ನ ಯಾರಾದ್ರೂ ದುಡ್ಡು ಕೊಟ್ಟು ತಗೋತಾರಾ? ಇದಕ್ಕಿಂತ ಮಂಜುದೇ ವಾಸಿ" ಎಂದರು. ಮಂಜುನಾಥ, "ಛೆ, ಬಿಡಿ ಅಣ್ಣ, ನಿಮ್ದರ ಬಣ್ಣ ಇದಕ್ಕೆಲ್ಲಿ ಬರುತ್ತೆ!" ಎಂದ. ಊಟಕ್ಕೆ ಇಬ್ಬರೂ ಅಕ್ಕಪಕ್ಕ ಕುಳಿತು ನನ್ನ ಬುದ್ಧಿಯನ್ನು ಬಯ್ಯುತ್ತಾ ಎರಡೆರಡು ಸಲ ಹುಳಿ ಹಾಕಿಸಿಕೊಂಡರು. ಒಳಗೆ ಅಕ್ಕತಂಗಿಯರು ನಗುತ್ತಿದ್ದರು. ಅಷ್ಟು ಹಾಯಾಗಿ ನಾನು ಯಾವತ್ತೂ ಬೈಸಿಕೊಂಡಿಲ್ಲ.

ಅವರು ಹೋದ ಮೇಲೆ ಸುಮಿತ್ರ ನನ್ನನ್ನೇ ನೋಡಿ, "ಇದೆಲ್ಲ ಮೊದಲೇ ಯೋಚನೆ ಮಾಡಿ ತಂದ್ರಾ ರೀ? ನಿಮಗೆ ಇಷ್ಟು ಬುದ್ಧಿ ಇದೆ ಅಂತ ಗೊತ್ತಿರಲಿಲ್ಲ" ಎಂದಳು.

ಮದುವೆಯಾದ ಇಪ್ಪತ್ತಾರು ವರ್ಷಕ್ಕೆ ಬಂದ ಮೊದಲ ಹೊಗಳಿಕೆ. "ಹೂಂ ಮತ್ತೆ" ಎಂದುಬಿಟ್ಟೆ. ಅಂಗಡಿಯಲ್ಲಿದ್ದ ಅಷ್ಟೂ ಕ್ಯಾಮೆರಾಗಳಲ್ಲಿ, ಯಾರನ್ನೂ ಕೇಳದೆ ನಾನೇ ಆನ್ ಮಾಡಲು ಸಾಧ್ಯವಾದದ್ದು ಅದೊಂದೇ ಎಂಬುದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ.