ಗಿಟಕು ಕಾಯಿ ಮತ್ತು ಗುರುವಾರದ ಸೂಜಿ

ಮದುವೆಗೆ ಕರೆಯದಿದ್ದರೂ ಕ್ಷಮಿಸುವವರನ್ನು ನೀವು ಕಂಡಿರಬಹುದು. ಚುಚ್ಚುಮದ್ದಿಗೆ ಕರೆಯದಿದ್ದರೆ ಮಾತು ಬಿಡುವವರನ್ನು ಕಂಡಿದ್ದೀರಾ? ಇಲ್ಲವಾದರೆ ನೀವು ಪುಣ್ಯವಂತರು; ನನ್ನ ಹೆಂಡತಿಗೆ ಅಣ್ಣನಾಗಿ ಹುಟ್ಟಿರುವ ಮಹನೀಯರು ನಿಮ್ಮ ಬಳಗದಲ್ಲಿಲ್ಲ.

ಜಾವಗಲ್ಲಿನ ಈ ನಮ್ಮ ಭಾವ ಆಯುಷ್ಯವೆಲ್ಲ ಕೊಬ್ಬರಿ ವ್ಯಾಪಾರ ಮಾಡಿದವರು. ಅಟ್ಟದ ಮೇಲೆ ವರ್ಷಪೂರ್ತಿ ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಗಿಟಕು, ಅಂದರೆ ಒಣಗಿದ ಇಡೀ ಕೊಬ್ಬರಿ, ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವುದು ಅವರ ವಿದ್ಯೆ. ವ್ಯಾಪಾರವನ್ನು ಮಗನಿಗೆ ವಹಿಸಿದ ಮೇಲೆ ಆ ಕಿವಿಗೆ ಕೆಲಸವಿಲ್ಲದಾಯಿತು. ಅಂದಿನಿಂದ, ನೆಂಟರ ಹಸುಗೂಸುಗಳಿಗೆ ನೋವಾಗದಂತೆ ಸೂಜಿ ಹಾಕಿಸುವುದನ್ನು ವ್ರತವಾಗಿ ಹಿಡಿದಿದ್ದಾರೆ.

ಇದಕ್ಕೆ ಶಾಸ್ತ್ರಾಧಾರವೂ ಉಂಟು. ಮಗುವಿಗೆ ಕಿವಿ ಚುಚ್ಚಿಸುವುದು ಯಾರ ತೊಡೆಯ ಮೇಲೆ? ಸೋದರಮಾವನ ತೊಡೆಯ ಮೇಲೆ. "ಕಿವಿಗೊಂದು ನ್ಯಾಯ, ಕಾಲಿಗೊಂದು ನ್ಯಾಯ ಐತಾ ಬಾವ? ಚುಚ್ಚೋದು ಅಂದ್ಮೇಲೆ ಸೋದರಮಾವ ಇರ್ಬೇಕು" ಎಂಬುದು ಅವರ ತೀರ್ಪು. ಸೋದರಮಾವ ಇಲ್ಲದ ಕೂಸುಗಳಿಗೂ, ಇದ್ದೂ ಸೂಜಿಗೆ ಹೆದರುವ ಸೋದರಮಾವಂದಿರ ಪರವಾಗಿಯೂ ಇವರದೇ ತೊಡೆ. ಚೀಲ ಹೊರಲು ಜೊತೆಗೆ ನಾನು. ಲಸಿಕೆ ಹಾಕುವುದು ಗುರುವಾರವಾದ್ದರಿಂದ, ನಿವೃತ್ತನಾದ ಮೇಲೆ ಗುರುವಾರ ಎಂದರೆ ನನಗೆ ಬೆನ್ನುನೋವಿನ ದಿನ.

ಹಗರೆಯಲ್ಲಿ ಅವರ ಷಡ್ಡಕನ ಮೊಮ್ಮಗನ ಸರದಿ. ಭಾವ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಚೀಲದಿಂದ ಒಣಗಾಯಿ ತೆಗೆದು ಅದರ ಮುಂದೆ ಲೊಡಲೊಡ ಆಡಿಸಿದರು. ಕೂಸು ನೋಡಿತು. ಕೂಸಿನ ತಾತನೂ ನೋಡಿದರು. "ಎಲ್ಲಿ, ಕೊಡಿ ಇಲ್ಲಿ. ಪೂರ್ತಿ ಬಿಟ್ಟಿಲ್ಲ ಕಣ್ರೀ ಇದು" ಎಂದು ಕಿವಿಗೆ ಹಿಡಿದರು. "ಬಿಟ್ಟೈತೆ, ಸದ್ದು ಕೇಳಲ್ವಾ?" ಎಂದು ಪಕ್ಕದ ಬೆಂಚಿನವರು ಕಿತ್ತುಕೊಂಡರು. ಕಾಯಿ ಕಿವಿಯಿಂದ ಕಿವಿಗೆ ಹೋಯಿತು. ಕೂಸಿನ ಕಣ್ಣು ಅದರ ಹಿಂದೆಯೇ ಹೋಯಿತು. ಅಷ್ಟರಲ್ಲಿ ನರ್ಸಮ್ಮ ಸೂಜಿ ಹಾಕಿ, ಹತ್ತಿ ಒತ್ತಿಯೂ ಆಗಿತ್ತು. ಕೂಸು ಅಳುವುದನ್ನೇ ಮರೆತಿತ್ತು. ಗಿಟಕಿನ ತಕರಾರು ಮಾತ್ರ ಬಸ್ಸು ಬರುವವರೆಗೂ ತೀರಲಿಲ್ಲ.

ಗೆಂಡೆಹಳ್ಳಿಯಲ್ಲಿ ಇನ್ನೊಂದು ಕೂಸಿಗೆ ನೆಕ್ಕಿಸಲು ಭಾವ ಜೇನಿನ ಸೀಸೆ ತೆಗೆದರು. ಅಲ್ಲಿಯ ನರ್ಸಮ್ಮ ಅದನ್ನು ಕಿತ್ತು ಕಪಾಟಿನಲ್ಲಿಟ್ಟರು. "ಯಜಮಾನ್ರೇ, ವರ್ಷ ತುಂಬದ ಮಗೀಗೆ ಜೇನು ನೆಕ್ಕಿಸ್ಬಾರ್ದು. ತಾಯಿ ಎದೆಹಾಲು ಕುಡಿಸ್ತಾ ಕೂತಿರ್ಲಿ, ಹಂಗೇ ಚುಚ್ತೀನಿ. ಅದ್ಕಿಂತ ಮದ್ದಿಲ್ಲ. ನಿಮ್ಮ ತೊಡೆ ಬೇಡ."

ಇನ್ನೊಬ್ಬರಾಗಿದ್ದರೆ ಮುನಿಸಿಕೊಳ್ಳುತ್ತಿದ್ದರು. ಭಾವ ವಾಪಸು ಬಸ್ಸಿನಲ್ಲಿ ಎದೆಹಾಲಿನ ಮಹಿಮೆಯನ್ನು ಅಪರಿಚಿತರಿಗೆಲ್ಲ ಬೋಧಿಸಿದರು. ಒಬ್ಬ ಮುದುಕಿಯನ್ನೂ ಬಿಡಲಿಲ್ಲ. "ಎಂಟು ಹೆತ್ತೋಳಿಗೆ ಹೇಳ್ಕೊಡ್ತೀಯಲ್ಲಪ್ಪ" ಎಂದಳು ಆಕೆ. ಹಳೇಬೀಡು ಬರುವವರೆಗೂ ನಾನು ನಿದ್ದೆ ಹೋದವನಂತೆ ಕಣ್ಣು ಮುಚ್ಚಿದ್ದೆ.

ಇಂಥವರನ್ನು ಈಚೆಗೆ ನಾನಾಗಿಯೇ ಕರೆಯಬೇಕಾಗಿ ಬಂತು. ಮಗಳು ಬಾಣಂತನಕ್ಕೆಂದು ಅರಸೀಕೆರೆಗೆ, ನಮ್ಮ ಮನೆಗೆ ಬಂದಿದ್ದಳು. ಕೂಸಿನ ಒಂದೂವರೆ ತಿಂಗಳ ಸೂಜಿಯ ಸುದ್ದಿಯನ್ನು ನಾನು ಭಾವನಿಗೆ ತಿಳಿಸಿರಲಿಲ್ಲ. ಒಂದು ಗುರುವಾರವಾದರೂ ಬೆನ್ನಿಗೆ ಬಿಡುವು ಸಿಗಲಿ ಎಂಬ ದುರಾಸೆ. ಕೂಸನ್ನು ಮೇಜಿನ ಮೇಲೆ ಮಲಗಿಸಿ ಹಾಕಿಸಿದೆವು. ಅದು ಉಸಿರು ಕಟ್ಟಿ ಅತ್ತದ್ದನ್ನು ಕಂಡ ಮಗಳು ಬೆದರಿಬಿಟ್ಟಳು. ಎರಡೂವರೆ ತಿಂಗಳ ಸೂಜಿಯ ಗುರುವಾರ ಬಂತು, ಹೋಯಿತು. ಮರುವಾರವೂ ಹೋಯಿತು. ಆಶಾ ಕಾರ್ಯಕರ್ತೆ ಎರಡು ಸಲ ಬಾಗಿಲಿಗೆ ಬಂದಳು. "ನಾಯಿಕೆಮ್ಮು ನಿಮ್ಮ ಅನುಕೂಲ ಕೇಳ್ಕೊಂಡು ಬರಲ್ಲ ಸಾರ್" ಎಂದಳು. "ನನ್ನ ಕೈಲಿ ಆಗಲ್ಲ ಅಪ್ಪಾ, ನೀವೇ ಎತ್ಕೊಂಡು ಹೋಗಿ" ಎಂದಳು ಮಗಳು. ನನ್ನ ಕೈಲಾಗುವಂತಿದ್ದರೆ ಜಾವಗಲ್ಲಿಗೆ ಯಾಕೆ ಫೋನು ಮಾಡುತ್ತಿದ್ದೆ?

"ಬತ್ತೀನಿ" ಎಂದಷ್ಟೇ ಹೇಳಿ, ಹಿಂದಿನ ಸಲ ಕರೆಯದ್ದಕ್ಕೆ ಮುನಿಯದೆ, ಗುರುವಾರ ಮೊದಲ ಬಸ್ಸಿಗೇ ಬಂದರು. ಚೀಲವಿತ್ತು. ಆದರೆ ತೊಡೆಯ ಮೊಕದ್ದಮೆ ಎತ್ತಲಿಲ್ಲ. ಲಸಿಕೆಯ ಕೋಣೆಯಲ್ಲಿ ತಾವೇ ಕುರ್ಚಿ ಎಳೆದು ಮಗಳನ್ನು ಕೂರಿಸಿದರು. "ತೊಡೆ ನಿಂದೇ ಕಣವ್ವ. ಹಾಲು ಕುಡಿಸ್ತಾ ಇರು. ಅದ್ರ ಮುಖ ನೋಡು, ಸೂಜಿ ನೋಡ್ಬೇಡ." ಆಮೇಲೆ ನರ್ಸಮ್ಮನ ಕಡೆ ತಿರುಗಿ, "ಬಾಯಿಗೆ ಹಾಕೋ ಹನಿ ಮೊದ್ಲು ತಾಯಿ, ಸೂಜಿ ಕೊನೇಗೆ."

"ನಂಗೂ ಗೊತ್ತು ಯಜಮಾನ್ರೇ. ನೀವಿಬ್ರೂ ಆ ಕಡೆ ತಿರುಗಿ."

ಗೋಡೆ ನೋಡುತ್ತ ನಿಂತೆವು. ಸ್ವಲ್ಪ ಹೊತ್ತಿಗೆ ಕೂಸು ಚೀರಿತು. ಒಂದೇ ಸಲ. ಮತ್ತೆ ಹಾಲು ಚೀಪುವ ಸದ್ದು. ಅದರ ಜೊತೆಗೆ ಲೊಡಲೊಡ.

"ಸಾಕು ಮಾವ, ನಿದ್ದೆ ಹೋಗ್ತಿದೆ. ಆಡಿಸ್ಬೇಡಿ" ಎಂದಳು ಮಗಳು. ಎಷ್ಟೋ ದಿನದ ಮೇಲೆ ಅವಳ ದನಿಯಲ್ಲಿ ನಗುವಿತ್ತು.

ಭಾವ ಆಡಿಸುತ್ತಿರಲಿಲ್ಲ. ಚೀಲ ಹಿಡಿದ ಕೈ ನಡುಗುತ್ತಿತ್ತು.

"ನಿಂಗೆ ಹಾಕ್ಸಿದಾಗ ಮೇಜಿನ ಮೇಲೆ ಮಲಗ್ಸಿದ್ರು ಕಣವ್ವ" ಎಂದರು, ಗೋಡೆಗೆ ಹೇಳುವಂತೆ. "ಕಾಲು ಅದುಮಿ ಹಿಡ್ದೋನು ನಾನು. ನೀನು ನನ್ನೇ ನೋಡ್ತಿದ್ದೆ."

ಹಿಡಿಯಲು ಹೇಳಿದವನು ನಾನು. ಹೇಳಿ, ನೋಡಲಾರದೆ ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತಿದ್ದೆ. ಅದನ್ನು ಭಾವ ಹೇಳಲಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿಲ್ಲ.

ಚೀಲವನ್ನು ಅವರ ಕೈಯಿಂದ ತೆಗೆದುಕೊಂಡೆ. ನನ್ನ ಕೈಯಲ್ಲೂ ಒಳಗಿನ ಕಾಯಿ ಸದ್ದು ಮಾಡುತ್ತಲೇ ಇತ್ತು.