ಬಿಪಿ ಏರದ ಬೀದಿ

"ನಾಳೆ ನಮ್ಮ ಹುಡುಗಿಗೆ ಪರೀಕ್ಷೆ. ಬಿಪಿ ಏರಿಸಿಕೊಂಡು ಅವಳ ಮರ್ಯಾದೆ ಕಳೀಬೇಡಿ" ಎಂದು ಅಪ್ಪ ನಿನ್ನೆ ಸಂಜೆ ತನ್ನ ಇಸ್ತ್ರಿ ಅಂಗಡಿಯ ಮುಂದೆ ನಿಂತು ಬೀದಿಗೆಲ್ಲ ಸಾರಿದ್ದ. ಮುಂದಿನ ಅಷ್ಟೂ ಅವಾಂತರಕ್ಕೆ ಆ ಒಂದು ಮಾತೇ ಸಾಕಾಯಿತು.

ಮಗಳು ಬಿ.ಎಸ್ಸಿ. ಓದುತ್ತಿದ್ದಳು. ಯಾರೂ ಪ್ರಯೋಗಾಲಯದ ಮೆಟ್ಟಿಲು ತುಳಿಯದ ಮನೆಗಳ ಮಕ್ಕಳನ್ನೇ ಹುಡುಕಿ, ಬೇಸಿಗೆ ರಜೆಯಲ್ಲಿ ವೈದ್ಯಕೀಯ ಸಂಶೋಧನೆ ಕಲಿಸುವ ತರಬೇತಿಗೆ ಆಯ್ಕೆಯಾಗಿದ್ದಳು. ಬಿಳಿ ಕೋಟು ಕೊಟ್ಟ ದಿನ ಅಪ್ಪ ಅದನ್ನು ಮತ್ತೆ ಮತ್ತೆ ಇಸ್ತ್ರಿ ಮಾಡಿ ಅಂಗಡಿಯ ಮುಂದೆ ನೇತುಹಾಕಿದ್ದ. ಲ್ಯಾಬಿಗೆ ಹೊತ್ತಾಯಿತು, ಕೊಡು ಎಂದರೆ, "ಸ್ವಲ್ಪ ಇರಲಿ, ಹಾಲಿನವನು ಇನ್ನೂ ನೋಡಿಲ್ಲ" ಎಂದಿದ್ದ.

ಬಿಸಿಯ ಮುಂದೆ ನಿಂತು ದುಡಿಯುವವರ ರಕ್ತದೊತ್ತಡ ಕೆಲಸದ ಹೊತ್ತಿನಲ್ಲಿ ಏರುತ್ತದೆಯೇ ಎಂಬುದು ಅವಳ ವಿಷಯ. ಇಸ್ತ್ರಿ, ಬೇಕರಿ, ವೆಲ್ಡಿಂಗ್ ಅಂಗಡಿಗಳ ಅವಳ ಬೀದಿ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಕೆಲಸಕ್ಕೆ ಮೊದಲಿನ ಬಿಪಿ ನಿನ್ನೆ ಬೆಳಿಗ್ಗೆಯೇ ಅಳೆದಾಗಿತ್ತು. ಇಂದು ಮಧ್ಯಾಹ್ನ ಎಲ್ಲರೂ ಬೆವರುತ್ತಿರುವಾಗ ಇನ್ನೊಮ್ಮೆ ಅಳೆದು, ಸಂಜೆ ಸಭೆಯಲ್ಲಿ ವಿವರಿಸಬೇಕು. ಮೆಚ್ಚಿಗೆಯಾದರೆ ವರ್ಷವಿಡೀ ಲ್ಯಾಬಿನಲ್ಲಿ ಜಾಗ, ಇಲ್ಲದಿದ್ದರೆ ಬೇಸಿಗೆಯ ಜೊತೆಗೇ ಎಲ್ಲ ಮುಗಿದಂತೆ.

ಬಿಪಿ ಮಿಷನ್ ಹಿಡಿದು ಬಂದರೆ ಬೀದಿಯಲ್ಲಿ ಒಂದು ಸದ್ದಿಲ್ಲ. ಬೇಕರಿಯ ಅಕ್ಕ ಹಣೆಗೆ ಒದ್ದೆಬಟ್ಟೆ ಹಾಕಿಕೊಂಡು ಮೈಚಾಚಿದ್ದಳು.

"ಒಲೆ ಯಾಕಕ್ಕ ಹಚ್ಚಿಲ್ಲ?"

"ನಿನಗೋಸ್ಕರ ಬೆಳಿಗ್ಗೆಯಿಂದ ಮಲಗೇ ಇದ್ದೀನಿ ಕಣಮ್ಮ. ಉಪ್ಪು ಮುಟ್ಟಿಲ್ಲ. ನಮ್ಮ ಯಜಮಾನರ ಜೊತೆ ಜಗಳಾನೂ ಆಡಿಲ್ಲ. ಪಾಪ, ಅವರು ಗಾಬರಿಯಾಗಿ ಕೂತಿದ್ದಾರೆ."

ಹುಡುಗಿ ತೋಳಿಗೆ ಪಟ್ಟಿ ಸುತ್ತಿದಳು. ಬಿಪಿ ಕೆಲಸಕ್ಕೆ ಮೊದಲಿನದಕ್ಕಿಂತಲೂ ಕೆಳಗಿತ್ತು.

"ಎಷ್ಟು ಬಂತು? ಪಾಸಾದೆಯಾ?" ಎಂದಳು ಅಕ್ಕ ಆಸೆಯಿಂದ.

ವೆಲ್ಡಿಂಗ್ ಮಾವ ಮರದ ನೆರಳಿನಲ್ಲಿ ಕಣ್ಣು ಮುಚ್ಚಿ ಉಸಿರು ಎಳೆದು ಬಿಡುತ್ತಿದ್ದ. "ಮಾತಾಡಿಸಬೇಡಮ್ಮ, ಮಾತಾಡಿದ್ರೆ ಏರುತ್ತಂತೆ" ಎಂದು ಪಿಸುಗುಟ್ಟಿ ತೋಳು ಮುಂದೆ ಮಾಡಿದ. ಅಪ್ಪನ ಇಸ್ತ್ರಿ ಪೆಟ್ಟಿಗೆಯೂ ತಣ್ಣಗಿತ್ತು. ಬಟ್ಟೆಯ ರಾಶಿ ಸೂರು ಮುಟ್ಟುವಂತಿತ್ತು.

"ಅಪ್ಪಾ, ಗಿರಾಕಿಗಳಿಗೆ ಏನು ಹೇಳ್ತೀಯ?"

"ನಿನ್ನ ಓದಿಗಿಂತ ಅವರ ಪ್ಯಾಂಟು ಹೆಚ್ಚಾ?"

ಹುಡುಗಿ ತಲೆಯ ಮೇಲೆ ಕೈ ಹೊತ್ತು ಕೂತಳು. "ಏರುತ್ತೋ ಇಲ್ಲವೋ ಅಂತ ನೋಡೋದೇ ನನ್ನ ಕೆಲಸ ಅಪ್ಪ. ನೀವೆಲ್ಲ ದಿನದ ಹಾಗೆ ಇರಬೇಕಿತ್ತು."

ಈ ಮಾತು ಬೀದಿಯ ಕೊನೆ ತಲುಪುವಷ್ಟರಲ್ಲಿ 'ಏರಿಸಬೇಕಂತೆ' ಎಂದಾಗಿತ್ತು. ಮಲಗಿದ್ದವರೆಲ್ಲ ದಡಬಡ ಎದ್ದರು. ವೆಲ್ಡಿಂಗ್ ಮಾವ ಪಂಚೆ ಎತ್ತಿಕಟ್ಟಿ ಬೀದಿಯುದ್ದ ಓಡತೊಡಗಿದ. ಬೇಕರಿಯ ಅಕ್ಕ ಬೆಳಿಗ್ಗೆಯಿಂದ ತಡೆದಿಟ್ಟಿದ್ದ ಜಗಳವನ್ನು ಬಡ್ಡಿ ಸಮೇತ ತೀರಿಸಿದಳು. ಯಜಮಾನರಿಗೆ ಹೋದ ಜೀವ ಬಂದಂತಾಯಿತು.

ಸರಿಯಾಗಿ ಆ ಹೊತ್ತಿಗೇ ಲ್ಯಾಬಿನ ಗೈಡ್ ಮೇಡಂ ಕೆಲಸ ನೋಡಲು ಬಂದರು. ಹುಡುಗಿ ಏನನ್ನೂ ಮುಚ್ಚಿಡದೆ ಎಲ್ಲ ಹೇಳಿದಳು. ಮೇಡಂ ನಗು ತಡೆದುಕೊಂಡರು.

"ಸಿಕ್ಕ ಅಂಕಿ ತಗೊಂಡು ಬಂದು ನನ್ನ ಮುಂದೆ ಇಡಲಿಲ್ಲವಲ್ಲ, ಅದಕ್ಕೆ ಭೇಷ್. ಪಕ್ಕದ ಬೀದಿಗೆ ಹೋಗೋಣ ನಡಿ. ಕೂರಿಸಿ ಒಂದು ಸಲ, ಕೆಲಸದ ಮಧ್ಯೆ ಒಂದು ಸಲ ಅಳೆದರೆ ಆಯ್ತು. ಇನ್ನೂ ಹೊತ್ತಿದೆ."

ಅಪ್ಪ ಸೈಕಲ್ ತಳ್ಳಿಕೊಂಡು ಅವರ ಹಿಂದೆಯೇ ನಡೆದ.

ಪಕ್ಕದ ಬೀದಿಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಅಜ್ಜ ಆರಿದ ಒಲೆಯ ಪಕ್ಕ ಅಂಗಾತ ಮಲಗಿದ್ದ. ಅಂಗಿಯ ತೋಳು ಮಡಚಿ ಸಿದ್ಧನಾಗಿದ್ದ.

"ನಿಮಗೆ ಯಾರು ಹೇಳಿದ್ದಜ್ಜ?"

"ನಿಮ್ಮಪ್ಪ ನಮಗೆ ಒಂದು ಮಾತು ಹೇಳಲಿಲ್ಲ. ಅವರಿವರ ಬಾಯಲ್ಲಿ ಕೇಳಿ ನಾವೇ ಮಲಗಿದ್ವಿ. ನೀನೇನು ಆ ಬೀದಿಯವರಿಗೆ ಮಾತ್ರ ಮಗಳಾ? ಲ್ಯಾಬಿಗೆ ಹೋದ ಮೊದಲನೇ ಹುಡುಗಿ, ನಮಗೂ ಮಗಳೇ ಅಲ್ವಾ?"

ಇಷ್ಟು ಜನ ತನಗಾಗಿ ಒಂದು ದಿನದ ದುಡಿಮೆ ಬಿಟ್ಟು ಮಲಗಿದ್ದಾರೆ ಎಂದು ಹುಡುಗಿಗೆ ಹೆಮ್ಮೆಯಾಯಿತು. ಅದೇ ಕಾರಣಕ್ಕೆ ಕೈಯಲ್ಲಿ ಒಂದು ನೆಟ್ಟಗಿನ ಅಂಕಿಯೂ ಇಲ್ಲವೆಂದು ಅಳುವೂ ಬಂತು.

"ಈಗ ಉಳಿದಿರೋದು ಒಂದೇ ದಾರಿ," ಎಂದರು ಮೇಡಂ. "ಸಂಜೆಯೊಳಗೆ, ನಿನ್ನ ಮೇಲೆ ಯಾರಿಗೂ ಅಭಿಮಾನ ಇಲ್ಲದ ಒಂದು ಬೀದಿ ಹುಡುಕು."

ಹುಡುಗಿ ಯೋಚಿಸಿ ಕಣ್ಣೊರೆಸಿಕೊಂಡಳು. "ರೈಲ್ವೆ ಗೇಟಿನ ಆಚೆ ಒಂದಿದೆ ಮೇಡಂ. ಅಲ್ಲಿ ನಾನು ಯಾರು ಅಂತ ಯಾರಿಗೂ ಗೊತ್ತಿಲ್ಲ."

ಅಪ್ಪನಿಗೆ ಆ ಮಾತು ತಡೆದುಕೊಳ್ಳಲಾಗಲಿಲ್ಲ. ಆಗಲೇ ಸೈಕಲ್ ಏರಿದ್ದ.

"ನೀವು ನಿಧಾನಕ್ಕೆ ಬನ್ನಿ ಮೇಡಂ," ಎಂದು ಗೇಟಿನ ಕಡೆ ತುಳಿಯುತ್ತಲೇ ಕೂಗಿ ಹೇಳಿದ. "ಬಿಪಿ ವಿಷಯ ಎತ್ತೋದೇ ಇಲ್ಲ. ಇವಳು ಯಾರು ಅಂತ ಮಾತ್ರ ಮನೆಮನೆಗೂ ಹೇಳಿಟ್ಟಿರ್ತೀನಿ."